ಯಾದಗಿರಿ ಬಿಸಿಲಿಗೆ ಯಾವ ಕ್ಯಾಮೆರಾ?

ಮಿರರ್‌ಲೆಸ್ ತಗೊಳ್ಳೋಣ ಅಂತ ಹೊರಟವರೆಲ್ಲ ಮೊದಲು ಕೇಳೋದು, ‘4ಕೆ ಐತೇನು? ಎಷ್ಟು ಮೆಗಾಪಿಕ್ಸೆಲ್?’ ನಾನಾದ್ರೆ ವ್ಯೂಫೈಂಡರ್ ಇದೆಯಾ ನೋಡಿ ಅಂತೀನಿ. ಏಪ್ರಿಲ್ ಮಧ್ಯಾಹ್ನ ಯಾದಗಿರಿ ಕೋಟೆ ಹತ್ತಿ ನಿಂತರೆ ಹಿಂದಿನ ಸ್ಕ್ರೀನ್‌ನಲ್ಲಿ ಕಾಣೋದು ನಮ್ಮದೇ ಬೆವರಿದ ಮುಖ! ಫೋಕಸ್ ಕೂತಿದೆಯೋ ಇಲ್ಲವೋ, ದೇವರಿಗೇ ಗೊತ್ತು.

ಯೂಟ್ಯೂಬ್‌ನವರು ಹೊಗಳುವ ಸೋನಿ ಝಡ್‌ವಿ-ಇ10, ನಿಕಾನ್ ಝಡ್30 ಎರಡಕ್ಕೂ ವ್ಯೂಫೈಂಡರ್ ಇಲ್ಲ. ರೂಮಲ್ಲಿ ಕೂತು ಮಾತಾಡುವವರಿಗೆ ಅವು ಚೆನ್ನ. ಕ್ಯಾನನ್ ಆರ್100ಗೆ ವ್ಯೂಫೈಂಡರ್ ಇದೆ, ಬೆಲೆಯೂ ಕಡಿಮೆ. ಆದರೆ ಸ್ಕ್ರೀನ್ ತಿರುಗಲ್ಲ, ಟಚ್ ಇಲ್ಲ, 4ಕೆ ಹಾಕಿದರೆ ಫ್ರೇಮ್ ಕತ್ತರಿಸುತ್ತೆ. ಫೋಟೊ, ವಿಡಿಯೊ ಎರಡೂ ಬೇಕೆಂದರೆ ನನ್ನ ಓಟು 2023ರಲ್ಲಿ ಬಂದ ಆರ್50ಗೆ: ವ್ಯೂಫೈಂಡರ್, ತಿರುಗುವ ಸ್ಕ್ರೀನ್, ಕತ್ತರಿಸದ 4ಕೆ. (ಬಾಡಿಯೊಳಗೆ ಸ್ಟೆಬಿಲೈಸೇಶನ್ ಈ ನಾಲ್ಕರಲ್ಲಿ ಯಾವುದಕ್ಕೂ ಇಲ್ಲ. ನಡೀತಾ ಶೂಟ್ ಮಾಡಿದ್ರೆ ಅಲುಗಾಟ ಗ್ಯಾರಂಟಿ.)

ಹಾಗಂತ ಬಾಡಿಗೇ ದುಡ್ಡೆಲ್ಲ ಸುರಿಯಬೇಡಿ. ಶಹಾಪುರದ ಬುದ್ಧ ಮಲಗಿದ ಬೆಟ್ಟಕ್ಕೆ ಕಿಟ್ ಲೆನ್ಸ್ ಸಾಕು. ಸುರಪುರ ಹತ್ತಿರದ ಬೋನಾಳ ಕೆರೆಯ ಹಕ್ಕಿಗಳು ಮಾತ್ರ ಅದರಲ್ಲಿ ಬರೀ ಚುಕ್ಕಿ. 55-210 ಲೆನ್ಸ್ ಜೊತೆಗಿರುವ ಡಬಲ್ ಕಿಟ್ ಕೇಳಿ. ಹಕ್ಕಿಗೆ ಅದೂ ಸ್ವಲ್ಪ ಗಿಡ್ಡವೇ, ಆದರೂ ನಮ್ಮ ಬಜೆಟ್ಟಿಗೆ ಅದೇ ಸರಿ. ಆರ್50 ಡಬಲ್ ಕಿಟ್ ಕೈಗೆ ಎಟುಕದಿದ್ದರೆ, ಫೋಟೊ ಮಾತ್ರ ಸಾಕು ಅನ್ನೋರು ಆರ್100 ಡಬಲ್ ಕಿಟ್ಟನ್ನೇ ತಗೊಳ್ಳಿ. ಯಾವುದೇ ಇರಲಿ, ದುಡ್ಡು ಕೊಡೋ ಮುಂಚೆ ಅಂಗಡಿಯವರನ್ನು ಕೇಳಿ, ಕ್ಯಾಮೆರಾ ಹೊರಗೆ ಬಿಸಿಲಿಗೆ ತಂದು ಒಮ್ಮೆ ನೋಡಿ.