ನಜಾರಾ ಷೇರು ಅಗ್ಗ ಆಗಿದೆಯಾ? ಕೇಳಬೇಕಾದ ಪ್ರಶ್ನೆ ಬೇರೆ

ನಮ್ಮ ಸಖರಾಯಪಟ್ಟಣದಲ್ಲಿ ಈಗ ಅಡಿಕೆ ರೇಟಿನ ಜೊತೆ ಷೇರಿನ ರೇಟೂ ಮಾತಿಗೆ ಬರುತ್ತೆ. 2025ರ ಸೆಪ್ಟೆಂಬರ್ ಕೊನೆಯಲ್ಲಿ ಗೆಳೆಯನೊಬ್ಬ ಮೊಬೈಲ್ ತೋರಿಸಿದ: ‘ನಜಾರಾ ಸಾವಿರದ ಮೇಲಿದ್ದದ್ದು ಮುನ್ನೂರರ ಒಳಗೆ ಬಂದಿದೆ, ತಗೊಳ್ಳಲಾ?’

ಅದು ಕುಸಿತವಲ್ಲ. ಕಂಪನಿ ಷೇರನ್ನು ಎರಡಾಗಿ ಒಡೆದು, ಒಂದಕ್ಕೊಂದು ಬೋನಸ್ ಕೊಟ್ಟಿತ್ತು. ಒಂದು ಷೇರು ನಾಲ್ಕಾಯಿತು, ಬೆಲೆ ಕಾಲು ಭಾಗವಾಯಿತು, ಅಷ್ಟೇ.

ನಿಜವಾದ ಕುಸಿತ ಆಗಸ್ಟ್‌ನಲ್ಲೇ ಆಗಿತ್ತು. ಹಣ ಕಟ್ಟಿ ಆಡುವ ಆನ್‌ಲೈನ್ ಆಟಗಳನ್ನು ನಿಷೇಧಿಸುವ ಮಸೂದೆಗೆ ಆಗಸ್ಟ್ 20ರಂದು ಲೋಕಸಭೆ, 21ರಂದು ರಾಜ್ಯಸಭೆ ಒಪ್ಪಿಗೆ ಕೊಟ್ಟವು. ಎರಡೇ ದಿನದಲ್ಲಿ ನಜಾರಾ ಸುಮಾರು ಐದನೇ ಒಂದು ಭಾಗ ಕಳೆದುಕೊಂಡಿತು. ಕಾರಣ, 2024ರಲ್ಲಿ ಅದು ಪೋಕರ್‌ಬಾಜಿ ನಡೆಸುವ ಕಂಪನಿಯ ಹತ್ತಿರ ಹತ್ತಿರ ಅರ್ಧ ಪಾಲನ್ನು 832 ಕೋಟಿ ರೂಪಾಯಿಗೆ ಕೊಂಡಿತ್ತು. ‘ಪೋಕರ್ ಆದಾಯ ನಮ್ಮ ಲೆಕ್ಕಕ್ಕೆ ಸೇರಿಲ್ಲ’ ಅಂತ ಕಂಪನಿ ಹೇಳಿದ್ದು ಸುಳ್ಳಲ್ಲ. ಆದರೆ ಹಾಕಿದ ದುಡ್ಡು ನಮ್ಮ, ಅಂದರೆ ಷೇರುದಾರರ ಲೆಕ್ಕದ್ದೇ. ಅದೇ ತ್ರೈಮಾಸಿಕದಲ್ಲಿ 900 ಕೋಟಿಗೂ ಹೆಚ್ಚು ಮೌಲ್ಯವನ್ನು ಅಳಿಸಬೇಕಾಯಿತು.

ಇದು ಗೊತ್ತಿಲ್ಲದೆ ಬಂದ ಸಿಡಿಲಾ? ಅಲ್ಲ. 2021ರಲ್ಲೇ ಕರ್ನಾಟಕ ಇಂಥ ಆಟಗಳನ್ನು ನಿಷೇಧಿಸಿತ್ತು. 2022ರ ಫೆಬ್ರವರಿಯಲ್ಲಿ ಹೈಕೋರ್ಟ್ ಅದನ್ನು ರದ್ದು ಮಾಡಿತು. 2023ರ ಅಕ್ಟೋಬರ್‌ನಿಂದ ಕಟ್ಟಿದ ಪೂರ್ತಿ ಹಣದ ಮೇಲೆ ಶೇ. 28 ಜಿಎಸ್‌ಟಿ ಬಂತು. ತೆರಿಗೆ ವಸೂಲಿ ಮಾಡಿದ ಸರ್ಕಾರವೇ ಎರಡು ವರ್ಷದೊಳಗೆ ಬಾಗಿಲು ಮುಚ್ಚಿಸಿತು. ಇಷ್ಟೆಲ್ಲ ಕಣ್ಣೆದುರಿದ್ದೂ ನಜಾರಾ ಪೋಕರ್ ಕೊಂಡಿತು. ನನ್ನ ತಕರಾರು ಇರೋದು ಇಲ್ಲಿ.

ಹಣ ಕಟ್ಟದ ಆಟಕ್ಕೂ ಸರ್ಕಾರದ ಭಯ ತಪ್ಪಿದ್ದಲ್ಲ. ಕ್ರಾಫ್ಟನ್‌ನ ಬಿಜಿಎಂಐ 2022ರ ಜುಲೈನಲ್ಲಿ ಆಪ್ ಸ್ಟೋರ್‌ಗಳಿಂದ ಮಾಯವಾಗಿ, ಮರಳಿದ್ದು 2023ರ ಮೇನಲ್ಲಿ. ನಮ್ಮ ಬಸ್‌ಸ್ಟ್ಯಾಂಡಿನಲ್ಲಿ ಅದನ್ನು ಆಡೋ ಹುಡುಗರು ಗಂಟೆಗಟ್ಟಲೆ ಆಡ್ತಾರೆ, ಖರ್ಚು ಮಾಡೋದು ಡೇಟಾ ಪ್ಯಾಕಿಗೆ ಮಾತ್ರ. ‘ಕೋಟ್ಯಂತರ ಭಾರತೀಯ ಗೇಮರ್‌ಗಳು’ ಅನ್ನೋ ಕಥೆ ಕೇಳಿದಾಗ ನನಗೆ ಇವರೇ ನೆನಪಾಗ್ತಾರೆ. ಆಡುವವರ ಲೆಕ್ಕ ಬೇರೆ, ಕೊಳ್ಳುವವರ ಲೆಕ್ಕ ಬೇರೆ.

ನಜಾರಾದಲ್ಲಿ ಉಳಿದಿರುವ ಗಟ್ಟಿ ಕಾಳು ಯಾವುದು ಅಂದರೆ ಅಮೆರಿಕದ ಪೋಷಕರು ಚಂದಾ ಕಟ್ಟುವ ಮಕ್ಕಳ ಆಪ್ ಕಿಡೋಪಿಯಾ, ಬ್ರಿಟನ್ನಿನ ಫ್ಯೂಸ್‌ಬಾಕ್ಸ್ ಥರದ ಸ್ಟುಡಿಯೋಗಳು. ಇವುಗಳ ಗಿರಾಕಿ ಹೊರದೇಶದಲ್ಲಿದ್ದಾನೆ, ನಮ್ಮ ಸಂಸತ್ತಿನ ಕೈಗೆ ಸಿಗಲ್ಲ. ಬೆಳವಣಿಗೆ ಇದ್ದರೆ ಅಲ್ಲಿಂದಲೇ. ಆದರೆ ಇದನ್ನೂ ಬಹುಪಾಲು ಕೊಂಡೇ ಕಟ್ಟಿದ್ದು. ಹೊಸದು ಕೊಳ್ಳದಿದ್ದರೆ ಎಷ್ಟು ಬೆಳೀತಿತ್ತು ಅನ್ನೋದನ್ನ ಪ್ರತಿ ತ್ರೈಮಾಸಿಕ ವರದಿಯಲ್ಲೂ ಹುಡುಕಬೇಕು.

ಗೆಳೆಯನಿಗೆ ನಾನು ಹೇಳಿದ್ದಿಷ್ಟು: ‘ಬೆಲೆ ಆಮೇಲೆ ನೋಡು. ಯಾರ ಜೇಬಿನಿಂದ ದುಡ್ಡು ಬರ್ತಿದೆ, ಅದನ್ನು ಯಾರು ನಿಲ್ಲಿಸಬಹುದು, ಮೊದಲು ಅದನ್ನ ಕೇಳು.’ ಅವನಿನ್ನೂ ಕೊಂಡಿಲ್ಲ. ನಾನೂ ಕೊಂಡಿಲ್ಲ.