ಮುರಿದ ಸ್ಕ್ರೂ ಮತ್ತು ಆರ್‌ಸಿ ಪುಸ್ತಕ

ಮಕ್ತಲ್‌ನ ನಮ್ಮ ಮನೆಯ ಪಡಸಾಲೆಯಲ್ಲಿ ಇಪ್ಪತ್ತು ವರ್ಷಗಳಿಂದ ಗೋಣಿತಟ್ಟು ಹೊದ್ದು ನಿಂತಿದ್ದ ತಂದೆಯವರ ಜಾವಾ ಮೋಟಾರ್‌ಸೈಕಲ್ಲನ್ನು ಈ ಬೇಸಿಗೆಯ ರಜೆಯಲ್ಲಿ ಬಿಚ್ಚಿದೆನು. ನೋಂದಣಿಯಾದದ್ದು 1970ರಲ್ಲಿ, ತಯಾರಾದದ್ದು ಮೈಸೂರಿನ ಐಡಿಯಲ್ ಜಾವಾ ಕಾರ್ಖಾನೆಯಲ್ಲಿ. ಆ ಕಾರ್ಖಾನೆ 1996ರಲ್ಲಿಯೇ ಮುಚ್ಚಿದೆ. ಕನ್ನಡ ಶಾಲೆಯ ಮಾಸ್ತರರಾಗಿದ್ದ ತಂದೆಯವರು ರಾಯಚೂರಿನಿಂದ ಪಠ್ಯಪುಸ್ತಕಗಳ ಕಟ್ಟನ್ನು ಕೃಷ್ಣಾ ನದಿ ದಾಟಿಸಿ ತರುತ್ತಿದ್ದುದು ಇದರ ಮೇಲೆಯೇ.

ಎಂಜಿನ್ನಿನ ಎಡಬದಿಯ ಮುಚ್ಚಳವನ್ನು ಬಿಚ್ಚುವಾಗ 6 ಮಿಲಿಮೀಟರಿನ ಒಂದು ಸ್ಕ್ರೂ ನನ್ನ ಅವಸರಕ್ಕೆ ಮುರಿಯಿತು. ತಲೆ ನನ್ನ ಕೈಯಲ್ಲಿ, ದೇಹ ಎಂಜಿನ್ನಿನಲ್ಲಿ. ಸ್ಕ್ರೂ ಉಕ್ಕಿನದು, ಎಂಜಿನ್ನಿನ ಕವಚ ಅಲ್ಯೂಮಿನಿಯಂನದು. ತೇವ ತಗುಲಿದ ಈ ಎರಡು ಲೋಹಗಳು ವರ್ಷಗಟ್ಟಲೆ ಒತ್ತಿಕೊಂಡಿದ್ದರೆ ನಡುವೆ ಬಿಳಿಯ ಪುಡಿ ಬೆಳೆದು ಹಿಡಿದುಕೊಳ್ಳುತ್ತದೆ. ತುಕ್ಕೆಂದು ಭಾವಿಸಿ ಬಲ ಹಾಕುವವನು ನನ್ನಂತೆ ಸೋಲುತ್ತಾನೆ.

ಇಲ್ಲಿ ವಕೀಲನ ಚಿಂತೆಯೂ ಸೇರಿತು. ಎಂಜಿನ್ ಸಂಖ್ಯೆಯನ್ನು ಕೊರೆದಿರುವುದು ಈ ಕವಚದ ಮೇಲೆಯೇ. ಕವಚ ಕೆಟ್ಟು ಬೇರೊಂದನ್ನು ಹಾಕಿದರೆ ಆರ್‌ಸಿ ಪುಸ್ತಕದ ಸಂಖ್ಯೆಯೊಡನೆ ಅದು ಹೊಂದದು. ಮೋಟಾರು ವಾಹನ ಕಾಯಿದೆಯ 52ನೆಯ ಕಲಮು ಅಡ್ಡ ಬರುತ್ತದೆ. 2021ರಲ್ಲಿ ಬಂದ ವಿಂಟೇಜ್ ವಾಹನ ನಿಯಮಗಳು ಐವತ್ತು ವರ್ಷ ಮೀರಿದ ಗಾಡಿಗೆ ಪ್ರತ್ಯೇಕ ನೋಂದಣಿ ಕೊಡುತ್ತವೆ ನಿಜ. ಆದರೆ ಎಂಜಿನ್ ಮೂಲರೂಪದಲ್ಲಿ ಉಳಿದಿರಬೇಕೆನ್ನುತ್ತವೆ. ಒಂದು ಸ್ಕ್ರೂವಿನಿಂದ ತಂದೆಯವರ ಗಾಡಿ ಕಾಗದದ ಮೇಲೆ ಬೇರೆಯ ಗಾಡಿಯಾಗಿಬಿಡುತ್ತಿತ್ತು.

ಈಸಿಔಟ್ ಎಂಬ ಮೊನೆ ತಿರುಪನ್ನು ತೂರಿಸಲು ಹೊರಟಿದ್ದೆ. ಗದ್ವಾಲದ ಲೇತ್ ಅಂಗಡಿಯ ಉಸ್ತಾದರು ತಡೆದರು: "ವಕೀಲ್ ಸಾಬ್, ಸ್ಕ್ರೂ ಮುರದ್ರ ತೆಗೀಬಹುದ್ರಿ. ಈಸಿಔಟ್ ಒಳಗ ಮುರದ್ರ ನನ್ನ ಕೈಲೂ ಆಗಂಗಿಲ್ಲ." ಅದು ಬಹಳ ಗಟ್ಟಿ ಉಕ್ಕು, ಸಾಮಾನ್ಯ ಡ್ರಿಲ್ ಅದನ್ನು ಕೊರೆಯದು.

ಅವರು ಮೊದಲು ತೂರುವ ಎಣ್ಣೆ ಬಿಟ್ಟು, ಎಂಜಿನ್ನನ್ನು ಒಂದು ರಾತ್ರಿ ಹಾಗೆಯೇ ಇಟ್ಟರು. ಮರುದಿನ ಕವಚವನ್ನು ಸಣ್ಣ ಉರಿಯಿಂದ ಕಾಯಿಸಿದರು. ಅದೇ ಬಿಸಿಗೆ ಅಲ್ಯೂಮಿನಿಯಂ ಉಕ್ಕಿಗಿಂತ ಸುಮಾರು ಎರಡು ಪಟ್ಟು ಹಿಗ್ಗುವುದರಿಂದ ಹಿಡಿತ ಸಡಿಲವಾಗುತ್ತದೆ. (ಪೆಟ್ರೋಲ್ ತೊಟ್ಟಿಯನ್ನು ಮೊದಲೇ ಬೇರ್ಪಡಿಸಿದ್ದೆವು, ಮಕ್ಕಳು ಹತ್ತಿರ ಬರದಿರಲಿ.) ಆಮೇಲೆ ಮುರಿದ ತುಂಡಿನ ನಡುವೆ ಒಂದು ಚುಕ್ಕೆ ಹೊಡೆದು, ಅದರ ಮೇಲೆ ವೆಲ್ಡಿಂಗಿನ ಹನಿಗಳನ್ನು ಏರಿಸಿ, ಅದಕ್ಕೊಂದು ನಟ್ಟು ಬೆಸೆದರು. ಬೆಸುಗೆ ಉಕ್ಕನ್ನೇ ಹಿಡಿಯುತ್ತದೆ, ಅಲ್ಯೂಮಿನಿಯಂಗೆ ಅಂಟುವುದಿಲ್ಲ. ತಣಿದ ಮೇಲೆ ಸ್ಪಾನರಿನಿಂದ ಹಿಂದೆ ಮುಂದೆ ಸ್ವಲ್ಪ ಸ್ವಲ್ಪ ಆಡಿಸಿದರು. ಎರಡನೆಯ ನಟ್ಟು ಕಿತ್ತುಬಂತು. ಮೂರನೆಯದಕ್ಕೆ ತುಂಡು ತಿರುಗಿತು.

ಮರೆಗಳು ಅರೆ ಸವೆದಿದ್ದವು. ರಂಧ್ರವನ್ನು ಹಿಗ್ಗಿಸಿ, ಹೆಲಿಕಾಯಿಲ್ ಎಂಬ ಉಕ್ಕಿನ ಸುರುಳಿಯನ್ನು ಒಳಗೆ ಕೂಡಿಸಿದರು. ಹೊಸ ಸ್ಕ್ರೂ ಹಳೆಯ ಅಳತೆಯದೇ ಆಯಿತು. ಕೂಲಿ ಕೇಳಿದಾಗ ಉಸ್ತಾದರು ನಕ್ಕು, ತಮ್ಮ ಬಾಡಿಗೆ ಕರಾರನ್ನು ಓದಿ ಹೇಳಿರೆಂದರು.

ಮುಚ್ಚಳದಲ್ಲಿ ಇನ್ನೆರಡು ಸ್ಕ್ರೂಗಳು ಉಳಿದಿವೆ. ಎಣ್ಣೆ ಬಿಟ್ಟಿದ್ದೇನೆ. ಭಾನುವಾರದವರೆಗೆ ಸ್ಕ್ರೂಡ್ರೈವರನ್ನು ಮಗಳು ತನ್ನ ಶಾಲೆಯ ಚೀಲದಲ್ಲಿ ಬಚ್ಚಿಟ್ಟಿದ್ದಾಳೆ.