ಮಾನ್ಸೂನ್ ಎಂಬ ಪದವೂ ನಮ್ಮ ಕಡಲೂ

‘ಮಾನ್ಸೂನ್’ ಎಂದರೇನು ಎಂದು ನಮ್ಮ ಮಕ್ಕಳನ್ನು ಕೇಳಿದರೆ ‘ಮಳೆ’ ಎಂಬ ಉತ್ತರ ಥಟ್ಟನೆ ಬರುತ್ತದೆ. ಕುಂದಾಪುರದ ಮಳೆಗಾಲವನ್ನು ಕಂಡವರಿಗೆ ಅದು ಸಹಜವೇ. ಆದರೆ ಈ ಇಂಗ್ಲಿಷ್ ಪದದ ಮೂಲದಲ್ಲಿ ಮಳೆಯ ಒಂದು ಹನಿಯೂ ಇಲ್ಲ.

ಅರಬಿಯಲ್ಲಿ ‘ವಸ್ಮ್’ ಎಂದರೆ ಕಾಯಿಸಿದ ಕಬ್ಬಿಣದಿಂದ ಒಂಟೆಯ ಮೈಮೇಲೆ ಒತ್ತುವ ಗುರುತು. ಅದೇ ಧಾತುವಿನಿಂದ ಹುಟ್ಟಿದ ‘ಮೌಸಿಮ್’ ಎಂದರೆ ಗುರುತು ಮಾಡಿಟ್ಟ ಕಾಲ. ಸುಗ್ಗಿಯೂ ಮೌಸಿಮ್, ಜಾತ್ರೆ ಕೂಡುವ ಕಾಲವೂ ಮೌಸಿಮ್, ಹಜ್ಜ್‌ನ ಕಾಲವೂ ಮೌಸಿಮ್. ಯಸ್ರಿಬ್‌ನ ಜನರು ಪ್ರವಾದಿಯವರನ್ನು(ಸ) ಅಕಬಾದಲ್ಲಿ ಕಂಡದ್ದು ಮೌಸಿಮ್‌ನಲ್ಲಿಯೇ. ನಾವಿಕರಿಗಾದರೋ ಅದು ಹಡಗು ಬಿಡುವ ಕಾಲ. 15ನೆಯ ಶತಮಾನದ ಅರಬ್ ನಾವಿಕ ಇಬ್ನ್ ಮಾಜಿದ್, ಯಾವ ಕರಾವಳಿಯಿಂದ ಯಾವಾಗ ಹೊರಡಬೇಕೆಂಬುದನ್ನು ಈ ಪದದಿಂದಲೇ ವಿವರಿಸಿದ್ದಾನೆ. ಪೋರ್ಚುಗೀಸರ ನಾಲಗೆಯಲ್ಲಿ ರೂಪ ಬದಲಿಸಿದ ಅದು 16ನೆಯ ಶತಮಾನದ ಕೊನೆಗೆ ಇಂಗ್ಲಿಷನ್ನು ಸೇರಿತು. ಕಾಲ ಹೋಗಿ ಗಾಳಿಯಾಯಿತು, ಗಾಳಿ ಹೋಗಿ ಮಳೆಯಾಯಿತು.

ಈ ಪದ ನಮ್ಮ ತೀರಕ್ಕೆ ಪರಕೀಯವಲ್ಲ. 14ನೆಯ ಶತಮಾನದಲ್ಲಿ ಇಬ್ನ್ ಬತೂತ ‘ಅಬೂ ಸರೂರ್’, ‘ಫಾಕನೂರ್’ ಎಂದು ಕರೆದದ್ದು ನಮ್ಮ ಬಸ್ರೂರು, ಬಾರ್ಕೂರುಗಳನ್ನೇ. ಈ ಕರಾವಳಿಯ ಅಕ್ಕಿ ಹೇರಿಕೊಂಡ ಹಡಗುಗಳು ಅರೇಬಿಯಾದತ್ತ ಸಾಗುತ್ತಿದ್ದುದು ಚಳಿಗಾಲದ ಈಶಾನ್ಯ ಗಾಳಿಯನ್ನು ನಂಬಿ. ನಮಗೆ ಹೆಚ್ಚು ಮಳೆ ತಾರದ ಆ ಗಾಳಿಯೂ ಮಾನ್ಸೂನೇ! (ನಮ್ಮ ರೈತರ ‘ಹಂಗಾಮು’ ಕೂಡ ಪಾರಸಿಯಿಂದ ಬಂದದ್ದು, ಅದರ ಊರು ಯಾವುದೆಂದು ಯಾರೂ ಕೇಳುವುದಿಲ್ಲ.)

ಈಗಲೂ ಜೂನ್ 1ರಿಂದ ಜುಲೈ 31ರವರೆಗೆ, 61 ದಿನ, ಗಂಗೊಳ್ಳಿಯ ಯಾಂತ್ರೀಕೃತ ಬೋಟುಗಳು ದಡ ಸೇರುತ್ತವೆ. ನಾವು ಅದನ್ನು ‘ನಿಷೇಧ’ ಎನ್ನುತ್ತೇವೆ. ನಿಜಕ್ಕೂ ಅದು ಹಳೆಯ ಅರ್ಥದ ಮೌಸಿಮ್: ಮೀನು ಮೊಟ್ಟೆಯಿಡಲೆಂದು, ಜೀವ ಉಳಿಯಲೆಂದು ಕಡಲಿನ ಮೇಲೆ ಹಾಕಿದ ಗುರುತು. ಗಡುವಿಗೆ ಮೊದಲೇ ಬಲೆ ಬೀಸುವ ಆತುರವನ್ನು ನಾವು ಒಪ್ಪಲಾರೆವು. ನಾಡದೋಣಿಗಳಿಗೆ ವಿನಾಯಿತಿ ಇದೆ, ನಿಜ. ಆದರೆ ಅಲೆಯ ಬಣ್ಣ ನೋಡಿಯೇ ‘ಇವತ್ತು ಬೇಡ’ ಎನ್ನುವ ಹಿರಿಯರು ಅಲ್ಲಿದ್ದಾರೆ. ಪವಿತ್ರ ಕುರ್‌ಆನಿನ ಅಲ್‌ಹಿಜ್ರ್ ಅಧ್ಯಾಯದ 75ನೆಯ ವಚನದಲ್ಲಿ ಇದೇ ಧಾತುವಿನ ‘ಮುತವಸ್ಸಿಮೀನ್’ ಎಂಬ ಪದವಿದೆ: ಗುರುತುಗಳನ್ನು ಓದಬಲ್ಲವರು. ಆ ವಚನದ ಸಂದರ್ಭ ಬೇರೆಯೇ; ಆದರೂ ಆ ಹಿರಿಯರನ್ನು ಕಂಡಾಗಲೆಲ್ಲ ನಮಗೆ ನೆನಪಾಗುವುದು ಆ ಪದ.

ಬೋಟಿನ ಕಾರ್ಮಿಕನಿಗೆ ಮಾತ್ರ ಸಾಲದ ಕಂತು ಕಾಯುವುದಿಲ್ಲ, ಮನೆಯ ಒಲೆಯೂ ಕಾಯುವುದಿಲ್ಲ. ಗುರುತನ್ನು ಮೀರಬೇಡ ಎಂದು ಅವನಿಗೆ ಹೇಳುವ ಮೊದಲು, ಆ 61 ದಿನಗಳ ಅಕ್ಕಿಯ ಲೆಕ್ಕವನ್ನು ನಮ್ಮ ಜಮಾಅತ್‌ಗಳು ಮೇ ತಿಂಗಳಲ್ಲಿಯೇ ಹಾಕಲಿ.